ಕರ್ತೃವಿನ ಜಾಗದಲ್ಲಿ ಕೂತವಳು

ಹೇಳಿಕೆ ಕೊಡುವವರು: ಇಂತಿಸಾರ್ ಸಲ್ಮಾನ್ ಖಲೀಫ್, ವಯಸ್ಸು ಐವತ್ತೇಳು, ವೃತ್ತಿ ಬಾಲಕಿಯರ ಪ್ರೌಢಶಾಲೆಯಲ್ಲಿ ಅರಬಿ ಭಾಷೆಯ ಅಧ್ಯಾಪಕಿ, ವಾಸ ಕರಕ್ ಊರಿನ ಕೋಟೆಯ ಕೆಳಗಿನ ಬೇಕರಿ ಓಣಿ.

ಮೇಲೆ ಹೆಸರಿಸಿದ ನಾನು ಯಾರೂ ಕರೆಸದೆ, ಯಾರೂ ಹೇಳಿಕೊಡದೆ, ಈ ದಿನ ಠಾಣೆಯಲ್ಲಿ ಕುಳಿತು ಹೇಳಿ ಬರೆಸುವುದು ಏನೆಂದರೆ:

ಇಂದು ಮಧ್ಯಾಹ್ನ ಇದೇ ಕೋಣೆಯಲ್ಲಿ ನನ್ನ ವಿದ್ಯಾರ್ಥಿನಿ ಜುಮಾನಾ, ಹದಿನೇಳು ವರ್ಷ, ಪರದೆ ಅಂಗಡಿಯ ಮಾಜಿದ್ ದೈಫುಲ್ಲಾ ಅವರ ಮಗಳು, ಒಂದು ಹೇಳಿಕೆ ಕೊಟ್ಟಿದ್ದಾಳೆ. ಅದರ ಕೊನೆಯ ಸಾಲಿನಲ್ಲಿ ಒಂದು ತಪ್ಪಿದೆ. ಅದು ಹಾಗೇ ಉಳಿದರೆ, ತಾಯಿಯನ್ನು ಹೊಡೆದು ಆಸ್ಪತ್ರೆಗೆ ಸೇರಿಸಿದವಳು ಆ ಹುಡುಗಿಯೇ ಎಂದಾಗುತ್ತದೆ. ತಾಯಿಯನ್ನು ಹೊಡೆದವರು ಮಾಜಿದ್. ನಾನು ಕಣ್ಣಾರೆ ಕಂಡಿದ್ದೇನೆ. ಇದನ್ನು ಮೊದಲೇ ಬರೆಸುತ್ತಿದ್ದೇನೆ, ಏಕೆಂದರೆ ಕಾಗದವನ್ನು ಕೊನೆಯವರೆಗೆ ಓದುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಬರೆದುಕೊಳ್ಳುತ್ತಿರುವ ಪೊಲೀಸ್ ಯಾಸೀನ್ ಅವರು "ವಿಷಯಕ್ಕೆ ಬನ್ನಿ ಮಿಸ್" ಎಂದು ಎರಡು ಸಲ ಹೇಳಿದರು. ನಾನು ವಿಷಯದಲ್ಲೇ ಇದ್ದೇನೆ. ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಬೇಕೆಂದು ಅವರಿಗೆ ಹೇಳಿದ್ದೇನೆ. ಹಾಗೆ ಬರೆಯುವ ಪದ್ಧತಿ ಇಲ್ಲ ಎಂದರು. ಪದ್ಧತಿಯ ಮೇಲೆ ಬಿಟ್ಟಿದ್ದಕ್ಕೇ ಈ ತಪ್ಪು ಆಗಿದೆ ಎಂದೆ. ಈಗ ಬರೆಯುತ್ತಿದ್ದಾರೆ.

ಜುಮಾನಾಳನ್ನು ನಾನು ಒಂಬತ್ತನೆಯ ತರಗತಿಯಿಂದ ಬಲ್ಲೆ. ಯಾವ ವಾಕ್ಯ ಕೊಟ್ಟರೂ ಮುಲುಖಿಯಾ ಸೊಪ್ಪು ಬಿಡಿಸುವಷ್ಟು ಸಲೀಸಾಗಿ ಬಿಡಿಸಿಡುತ್ತಿದ್ದಳು: ಇದು ಕ್ರಿಯಾಪದ, ಇವನು ಕರ್ತೃ, ಇದು ಕರ್ಮ. ವ್ಯಾಕರಣದಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು ತೆಗೆಯುತ್ತಿದ್ದಳು. ಪೂರ್ತಿ ಇಪ್ಪತ್ತು ಕೊಡುವ ಅಭ್ಯಾಸ ನನಗಿಲ್ಲ. ಮುಂದೆ ಅಧ್ಯಾಪಕಿ ಆಗುತ್ತೇನೆ ಎನ್ನುತ್ತಿದ್ದಳು. ನನ್ನ ಹಾಗೆ ಬೈಯುವುದನ್ನು ಗೆಳತಿಯರ ಮುಂದೆ ಅಭಿನಯಿಸಿ ತೋರಿಸುತ್ತಿದ್ದಳಂತೆ. ಒಮ್ಮೆ ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದೇನೆ. ಚೆನ್ನಾಗಿಯೇ ಬೈಯುತ್ತಿದ್ದಳು.

ಅರಬಿ ವ್ಯಾಕರಣ ಕಲಿಸುವ ನಾವೆಲ್ಲ ಒಂದೇ ವಾಕ್ಯದಿಂದ ಶುರು ಮಾಡುತ್ತೇವೆ. ಜೈದನು ಅಮ್ರನನ್ನು ಹೊಡೆದನು. ಜೈದ ಕರ್ತೃ, ಅಮ್ರ ಕರ್ಮ. ನನ್ನ ಗುರುಗಳಿಗೂ ಅವರ ಗುರುಗಳಿಗೂ ಇದೇ ವಾಕ್ಯ. ಪ್ರತಿ ವರ್ಷ ಯಾವಳಾದರೂ ಒಬ್ಬಳು ಎದ್ದು, "ಪಾಪ, ಅಮ್ರ ಏನ್ ಮಾಡಿದ್ದ ಮಿಸ್?" ಎಂದು ಕೇಳುತ್ತಾಳೆ. "ಹೋಂವರ್ಕ್ ಮಾಡಿರಲಿಲ್ಲ" ಎನ್ನುತ್ತೇನೆ. ತರಗತಿ ನಗುತ್ತದೆ. ಪಾಠ ಮುಂದುವರಿಯುತ್ತದೆ.

ಹನ್ನೊಂದನೆಯ ತರಗತಿಯಲ್ಲಿ ಕರ್ಮಣಿ ಪ್ರಯೋಗ ಬರುತ್ತದೆ. ಅಮ್ರನು ಹೊಡೆಯಲ್ಪಟ್ಟನು. ಇಲ್ಲಿ ಹೊಡೆದವನು ವಾಕ್ಯದಿಂದಲೇ ಹೊರಗೆ ಹೋಗುತ್ತಾನೆ. ಹೊಡೆಸಿಕೊಂಡ ಅಮ್ರ ಅವನ ಜಾಗದಲ್ಲಿ ಬಂದು ಕೂರುತ್ತಾನೆ, ಅವನ ವಿಭಕ್ತಿಯನ್ನೇ ತೊಡುತ್ತಾನೆ. ನೋಡುವುದಕ್ಕೆ ಕರ್ತೃವಿನ ಹಾಗೆಯೇ ಕಾಣುತ್ತಾನೆ, ಆದರೆ ಕರ್ತೃ ಅಲ್ಲ, ಏಟು ತಿಂದವನೇ. ದಡ್ಡ ಹುಡುಗಿಯರು ಇಲ್ಲಿ ಮೋಸ ಹೋಗುತ್ತಾರೆ. ಜುಮಾನಾ ದಡ್ಡಿ ಅಲ್ಲ. ಕಳೆದ ವರ್ಷದ ಚಳಿಗಾಲದಲ್ಲಿ ಅವಳನ್ನು ಬೋರ್ಡಿಗೆ ಕರೆದೆ. ಅವಳು "ಅಮ್ರ, ಕರ್ತೃ" ಎಂದಳು. ಇನ್ನೊಮ್ಮೆ ನೋಡು ಎಂದೆ. ನೋಡಿ, "ಅಮ್ರ, ಕರ್ತೃ" ಎಂದಳು. ಹುಡುಗಿಯರು ಕಿಸಕ್ಕೆಂದರು.

ನಾನು, "ಏನೇ, ರಾತ್ರಿಯೆಲ್ಲ ಫೋನ್ ಹಿಡ್ಕೊಂಡು ಕೂತಿದ್ಯಾ? ಹೊಡೆಸಿಕೊಂಡವನು ಅದ್ಹೇಗೆ ಕರ್ತೃ ಆಗ್ತಾನೆ?" ಎಂದೆ. ಅವಳು ಪಾಠದ ಮುಂದಿನ ಸಾಲು ಒಪ್ಪಿಸುವ ಹಾಗೆ, "ನಮ್ಮನೇಲಿ ಹಾಗೇ ಮಿಸ್. ಯಾರು ಹೊಡೆಸಿಕೊಂಡ್ರೋ ಅವರೇ ಮಾಡಿದ್ದು ಅಂತಾರೆ" ಎಂದಳು. ನಗು ನಿಂತಿತು. ಹೋಗಿ ಕೂತ್ಕೋ ಎಂದೆ.

ಅದೇ ಪಾಠದಲ್ಲಿ, ವಾಕ್ಯದಲ್ಲಿ ಕರ್ತೃವನ್ನು ಏಕೆ ಬಿಡುತ್ತಾರೆ ಎಂಬುದಕ್ಕೆ ಕಾರಣಗಳು ಬರುತ್ತವೆ. ಅವನು ಯಾರೆಂದು ಗೊತ್ತಿಲ್ಲದೆ ಇರಬಹುದು. ಎಲ್ಲರಿಗೂ ಗೊತ್ತಿರುವುದರಿಂದ ಹೇಳುವ ಅಗತ್ಯ ಬೀಳದೆ ಇರಬಹುದು. ಮೂರನೆಯದು ಏನು ಎಂದು ಕೇಳಿದಾಗ ಯಾರೂ ಕೈ ಎತ್ತಲಿಲ್ಲ. ಜುಮಾನಾ ಕೂತಲ್ಲಿಂದಲೇ, "ಹೆದರಿಕೆ" ಎಂದಳು. ಉತ್ತರ ಸರಿ. ಪುಸ್ತಕದಲ್ಲಿ ಹಾಗೆಯೇ ಇದೆ.

ಆ ವರ್ಷದ ಕೊನೆಯಲ್ಲಿ ಅವಳಿಗೆ ಆರು ಬಂತು. ಬಂತು ಎಂದು ಬರೆಯಬೇಡಿ, ನಾನು ಕೊಟ್ಟೆ. ಮನೆಯಲ್ಲಿ ಏನೇ ಆಗಲಿ, ತಪ್ಪು ಉತ್ತರ ತಪ್ಪೇ. ಇವತ್ತು ಕೇಳಿದರೂ ಆ ಪತ್ರಿಕೆಗೆ ಆರೇ ಕೊಡುತ್ತೇನೆ. ಗಣಿತದವರು, ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಓದಿ ಪೆನ್ನು ಕೆಳಗಿಡುತ್ತಾಳೆ ಎಂದರು. ವಾರದ ರಜೆ ಶುಕ್ರವಾರ, ಶನಿವಾರ ಮನೆಯಲ್ಲಿದ್ದು ಭಾನುವಾರ ಬಂದರೆ ಮೊದಲ ಎರಡು ಪೀರಿಯಡ್ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಡಸ್ಟರ್ ಕೆಳಗೆ ಬಿದ್ದು ಸದ್ದಾದರೆ ಎರಡು ಕೈಯಲ್ಲೂ ತಲೆ ಮುಚ್ಚಿಕೊಳ್ಳುತ್ತಿದ್ದಳು. ಗುರುವಾರ ಕೊನೆಯ ಗಂಟೆ ಹೊಡೆದ ಮೇಲೂ ಹೋಗದೆ, ಒರೆಸಿದ ಬೋರ್ಡನ್ನೇ ಮತ್ತೆ ಒರೆಸುತ್ತ ನಿಲ್ಲುತ್ತಿದ್ದಳು. ಅಧ್ಯಾಪಕಿಯರ ಕೋಣೆಯಲ್ಲಿ, ಹುಡುಗಿಗೆ ಯಾರೋ ಗಂಟು ಬಿದ್ದಿದ್ದಾನೆ ಎಂದು ಮಾತಾಡಿಕೊಂಡರು.

ಮುಖ್ಯೋಪಾಧ್ಯಾಯಿನಿ ತಂದೆಯನ್ನು ಕರೆಸಿದರು. ಮಾಜಿದ್ ಒಂದು ತಟ್ಟೆ ಕುನಾಫಾ ಸಿಹಿ ಹಿಡಿದುಕೊಂಡು ಬಂದರು. ನಮ್ಮ ಶಾಲೆಯ ಸಭಾಂಗಣದ ಪರದೆಗಳನ್ನು ಹೊಲಿಸಿ ಕೊಟ್ಟವರು ಅವರೇ, ಹಾಗಾಗಿ ಎಲ್ಲರಿಗೂ ಅವರ ಮೇಲೆ ಗೌರವ. ಮೆತ್ತಗೆ ಮಾತಾಡುತ್ತಾರೆ. "ಸೋಮಾರಿ ಆಗಿದ್ದಾಳೆ ಮಿಸ್. ಚಿಂತೆ ಬೇಡ, ಮನೇಲಿ ನಾನು ನೋಡ್ಕೋತೀನಿ" ಎಂದರು. ನೋಡಿಕೊಂಡರು. ಹುಡುಗಿ ಮೂರು ದಿನ ಶಾಲೆಗೆ ಬರಲಿಲ್ಲ. ಬಂದಾಗ ಸೆಕೆಯಲ್ಲೂ ಉದ್ದ ತೋಳಿನ ಸ್ವೆಟರ್ ಹಾಕಿಕೊಂಡಿದ್ದಳು. ಅಲ್ಲಿಂದ ಮುಂದೆ ಅವಳ ಅಂಕಗಳ ಬಗ್ಗೆ ಯಾರೂ ಅವರ ಮನೆಗೆ ಹೇಳಿಕಳಿಸಬಾರದು ಎಂದು ನಾನು ಅಧ್ಯಾಪಕಿಯರ ಕೋಣೆಯಲ್ಲಿ ಜೋರಾಗಿಯೇ ಹೇಳಿದೆ. ಜಗಳ ಆಯಿತು. ಮಾಡಿದವಳು ನಾನು.

ತಮ್ಮ ಕುಸೈ, ಹದಿನಾಲ್ಕು ವರ್ಷ, ಬಾಲಕರ ಶಾಲೆಯಲ್ಲಿ ಇದ್ದಾನೆ. ಅವನು ಅಕ್ಕನ ಹಾಗೆ ಅಲ್ಲ. ಈ ವರ್ಷ ಇಬ್ಬರು ಸಹಪಾಠಿಗಳ ಮೂಗು ಒಡೆದಿದ್ದಾನೆ ಎಂದು ಅವನ ಅಧ್ಯಾಪಕರು ನನಗೆ ಹೇಳಿದರು. ಇದನ್ನು ನಾನು ಕೇಳಿದ್ದು, ನೋಡಿದ್ದಲ್ಲ.

ಈಗ ಇವತ್ತಿನದು. ಇವತ್ತು ತೌಜೀಹಿಯ ಮೊದಲ ದಿನ. ಈ ಪರೀಕ್ಷೆ ಪಾಸಾದರೆ ಕಾಲೇಜು, ಇಲ್ಲದಿದ್ದರೆ ಮನೆ. ಅರಬಿ ಪತ್ರಿಕೆ ಬೆಳಿಗ್ಗೆ ಹತ್ತಕ್ಕೆ. ಹತ್ತೂವರೆ ದಾಟಿದರೆ ಒಳಗೆ ಬಿಡುವುದಿಲ್ಲ. ನಾನು ಎಂಟೂವರೆಗೆ ಪರೀಕ್ಷಾ ಕೇಂದ್ರದ ಗೇಟಿನ ಬಳಿ ತಾಯಂದಿರ ಜೊತೆ ನಿಂತು ಹುಡುಗಿಯರಿಗೆ ಖರ್ಜೂರ ಕೊಡುತ್ತಿದ್ದೆ. ಅವರು ಮಾಮೂಲಿಯಂತೆ ಅಳುತ್ತಿದ್ದರು, ನಾನು ಮಾಮೂಲಿಯಂತೆ ಗದರಿಸುತ್ತಿದ್ದೆ. ಒಂಬತ್ತು ಕಳೆದರೂ ಜುಮಾನಾ ಬರಲಿಲ್ಲ. ಅವಳ ಮನೆ ಅಲ್ಲಿಂದ ಅರ್ಧ ಕಿಲೋಮೀಟರ್ ಏರುದಾರಿ. ಹೊರಟೆ.

ಕಟ್ಟಡದ ಕೆಳಗಿನ ಮನೆಯ ಉಮ್ ರಾಯಿದ್ ಮೆಟ್ಟಿಲ ಮೇಲೆ ಕೂತು ಒಳಗೆ ಅನ್ನ ತುಂಬಲು ಸೀಮೆಸೋರೆಕಾಯಿ ಟೊಳ್ಳು ಮಾಡುತ್ತಿದ್ದರು. ಮೇಲಿನಿಂದ ಏನೋ ಬಡಿಯುವ ಸದ್ದು ಬರುತ್ತಿತ್ತು. ಏನು ನಡೆಯುತ್ತಿದೆ ಎಂದು ಕೇಳಿದೆ. ಅವರು ತಲೆ ಎತ್ತದೆ, "ಏನಿಲ್ಲ ಮಿಸ್, ಏನೋ ಬಿತ್ತು, ಏನೋ ಒಡೀತು. ದಿನಾ ಇದ್ದದ್ದೇ" ಎಂದರು. "ತಾನಾಗೇ ಒಡೀತಾ?" ಎಂದೆ. "ನೀವು ಪಾಠ ಹೇಳೋ ಜನ, ನಿಮ್ಮ ಹತ್ರ ಮಾತಾಡೋಕಾಗುತ್ತಾ? ಅವರ ಮನೆ ವಿಷಯ, ನಮಗ್ಯಾಕೆ ಬಿಡಿ" ಎಂದು ಕಾಲು ಮಡಚಿ ದಾರಿ ಬಿಟ್ಟರು. ದಾರಿ ಬಿಟ್ಟದ್ದಕ್ಕೆ ಅವರಿಗೆ ಋಣಿ.

ಮೂರನೆಯ ಮಹಡಿಯ ಬಾಗಿಲು ಅರ್ಧ ತೆರೆದಿತ್ತು. ಗಂಟೆ ಒತ್ತಲಿಲ್ಲ, ತಳ್ಳಿದೆ. ಬಾಗಿಲಿನಿಂದ ಅಡುಗೆಮನೆ ನೇರವಾಗಿ ಕಾಣುತ್ತದೆ, ನಾಲ್ಕು ಮೀಟರ್ ಇರಬಹುದು. ಮಾಜಿದ್ ಅವರ ಕೈಯಲ್ಲಿ ಗ್ಯಾಸ್ ಸಿಲಿಂಡರಿನ ರಬ್ಬರ್ ಪೈಪು ಇತ್ತು. ಅದರ ತುದಿಗೆ ಕಬ್ಬಿಣದ ರೆಗ್ಯುಲೇಟರ್ ಹಾಗೇ ಇತ್ತು. ಅವರ ಹೆಂಡತಿ ವಫಾ ಒಲೆಯ ಪಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ತಲೆಗೆ ಕೈ ಅಡ್ಡ ಹಿಡಿದಿದ್ದರು. ನಾನು ನೋಡುತ್ತಿದ್ದಂತೆ ಮಾಜಿದ್ ಎರಡು ಸಲ ಹೊಡೆದರು. ಮೊದಲನೆಯದು ಕೈಗೆ ಬಿತ್ತು. ಎರಡನೆಯದು ಕಿವಿಯ ಮೇಲೆ. ಎರಡನೆಯದರ ಸದ್ದು ಬೇರೆ ಥರ ಇತ್ತು. ಜುಮಾನಾ ಶಾಲೆಯ ಹಸಿರು ಸಮವಸ್ತ್ರದಲ್ಲಿ, ಪರೀಕ್ಷೆಗೆ ತೋರಿಸಬೇಕಾದ ಗುರುತಿನ ಚೀಟಿ ಕೈಯಲ್ಲಿ ಹಿಡಿದು, ಗೋಡೆಗೆ ಒತ್ತಿ ನಿಂತಿದ್ದಳು. ಅವಳು ಯಾರನ್ನೂ ಮುಟ್ಟಿರಲಿಲ್ಲ. ತಾಯಿಗೂ ಅವಳಿಗೂ ನಡುವೆ ಊಟದ ಮೇಜು ಇತ್ತು. ಈ ಸಾಲನ್ನು ದಪ್ಪಗೆ ಬರೆಯಿರಿ.

ಮಾಜಿದ್ ನನ್ನನ್ನು ನೋಡಿದರು. ಪೈಪನ್ನು ಕೆಳಗಿಡಲಿಲ್ಲ. "ಬನ್ನಿ ಮಿಸ್, ಬನ್ನಿ, ಬಾಗಿಲಲ್ಲೇ ನಿಂತ್ರಲ್ಲ. ಕಾಫಿ ಕುಡಿದು ಹೋಗಿ" ಎಂದರು. ಶಾಲೆಯಲ್ಲಿ ಮಾತಾಡುವ ಅದೇ ಮೆತ್ತಗಿನ ದನಿ. ಹೆದರಿಕೊಂಡೆ ಎಂದು ಹೇಳಲು ನನಗೆ ನಾಚಿಕೆ ಇಲ್ಲ.

ನಾನು ಮಗನ ಹೆಸರು ಹಿಡಿದು ಮರ್ಯಾದೆಯಿಂದಲೇ, "ಅಬು ಕುಸೈ, ಅದನ್ನ ಕೆಳಗಿಡಿ" ಎಂದೆ. ಅವರು, "ಇವಳು ತಲೆ ಸುತ್ತಿ ಬಿದ್ಲು. ಹುಡುಗಿ ಪರೀಕ್ಷೆಗೆ ಬೇಡ ಅಂದೆ, ಅಷ್ಟೆ. ಇಪ್ಪತ್ತಕ್ಕೆ ಆರು ತೆಗೆದೋಳು ತೌಜೀಹೀಲಿ ಏನು ಉದ್ಧಾರ ಮಾಡ್ತಾಳೆ? ಫೇಲಾದ್ರೆ ಊರೆಲ್ಲ ನಗುತ್ತೆ. ಚೀಟಿ ಬೀರುವಲ್ಲಿಟ್ಟು ಬೀಗ ಹಾಕಿದ್ದೆ, ಈ ಮಹಾತಾಯಿ ಬೀಗ ತೆಗೆದು ಮಗಳ ಕೈಗೆ ಕೊಟ್ಟಿದ್ದಾಳೆ. ನೀವೇ ಹೇಳಿ ಮಿಸ್, ಯಾರದು ತಪ್ಪು?" ಎಂದರು. ನಾನು, "ನಿಮ್ಮದು" ಎಂದೆ. ಈ ಮಾತನ್ನು ಅವರಿಗೆ ಮೊದಲು ಯಾರೂ ಹೇಳಿರಲಿಲ್ಲ ಎಂದು ಅವರ ಮುಖ ನೋಡಿ ಗೊತ್ತಾಯಿತು. ಅವರು ಪೈಪನ್ನು ಸಿಂಕಿನಲ್ಲಿ ಹಾಕಿ, ಕೈ ತೊಳೆದು, ನನ್ನನ್ನು ದಾಟಿ ಅಂಗಡಿಗೆ ಹೋದರು.

ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ವಫಾ ಅವರ ಕಿವಿಯಿಂದ ರಕ್ತ ಬರುತ್ತಿತ್ತು, ಒಂದು ಕಣ್ಣು ಸರಿಯಾಗಿ ನಿಲ್ಲುತ್ತಿರಲಿಲ್ಲ. ಜುಮಾನಾ ಅವರ ಪಕ್ಕ ಕೂತು, "ಯಮ್ಮಾ, ನಾ ಹೋಗಲ್ಲ ಬಿಡು, ಹೋಗಲ್ಲ" ಎನ್ನುತ್ತಿದ್ದಳು. ವಫಾ, "ಹೋಗದಿದ್ರೆ ನಾನು ತಿಂದ ಏಟೆಲ್ಲ ದಂಡ ಕಣೇ. ಏಳು, ಹೋಗು" ಎಂದರು. ಇಷ್ಟು ಹೇಳಿದ ಮೇಲೆ ವಾಂತಿ ಮಾಡಿಕೊಂಡರು. ಆಂಬುಲೆನ್ಸಿನವರು ಅವರನ್ನು ಇಳಿಸಿಕೊಂಡು ಹೋಗುವವರೆಗೆ ನಾವು ಅಲ್ಲೇ ಇದ್ದೆವು. ಆಮೇಲೆ ನಾನು ಹುಡುಗಿಯ ಕೈ ಹಿಡಿದು ಇಳಿಜಾರಿನಲ್ಲಿ ಓಡಿದೆ. ಐವತ್ತೇಳು ವರ್ಷದ ಅಧ್ಯಾಪಕಿ ಓಡುವುದನ್ನು ಇಡೀ ಬೇಕರಿ ಓಣಿ ನೋಡಿದೆ, ಸಾಕ್ಷಿ ಬೇಕಾದರೆ ಅವರನ್ನೇ ಕೇಳಬಹುದು. ಹತ್ತೂ ಇಪ್ಪತ್ತೈದಕ್ಕೆ ಅವಳನ್ನು ಒಳಗೆ ಬಿಟ್ಟರು.

ಹೊರಬರಲು ಬಿಡುವ ಮೊದಲ ಗಂಟೆಗೇ ಜುಮಾನಾ ಹೊರಗೆ ಬಂದಳು. ಹೇಗಾಯಿತು ಎಂದು ಕೇಳಿದೆ. "ಪ್ರಶ್ನೆ ಓದಿದೆ ಮಿಸ್. ಎಲ್ಲಾ ನೀವು ಹೇಳಿಕೊಟ್ಟಿದ್ದೇ ಇತ್ತು. ಓದಿದ ಹಾಗೇ ಮರೆತು ಹೋಗ್ತಿತ್ತು. ಹೆಸರು ಬರೆದಿದ್ದೀನಿ" ಎಂದಳು. ನನಗೆ ಅಳು ಬಂತು. ಆ ಪ್ರಶ್ನೆಪತ್ರಿಕೆಯನ್ನು ಮೂರು ವರ್ಷದ ಹಿಂದಿನ ಜುಮಾನಾ ಅರ್ಧ ಗಂಟೆಯಲ್ಲಿ ಬರೆದು, ಉಳಿದ ಹೊತ್ತು ಪಕ್ಕದವಳ ತಪ್ಪು ನೋಡಿ ನಗುತ್ತಿದ್ದಳು.

ಅಲ್ಲಿಂದ ಆಸ್ಪತ್ರೆಗೆ ಹೋದೆವು. ವಫಾ ವೈದ್ಯರಿಗೆ, ನೆಲ ಒರೆಸಿದ್ದೆ, ಕಾಲು ಜಾರಿ ಬಿದ್ದೆ ಎಂದು ಹೇಳಿದ್ದರು. ನೆಲ ಒಣಗಿತ್ತು, ಮೇಲೆ ಚಾಪೆಯೂ ಹಾಸಿತ್ತು. ವೈದ್ಯರು ನಂಬದೆ ಪೊಲೀಸರಿಗೆ ತಿಳಿಸಿದರು. ಮಧ್ಯಾಹ್ನ ಎರಡೂವರೆಗೆ ಜುಮಾನಾಳನ್ನು ಈ ಠಾಣೆಗೆ ಕರೆತಂದರು. ಅವಳು ಕೇಳಿಕೊಂಡದ್ದರಿಂದ ನನ್ನನ್ನೂ ಒಳಗೆ ಕೂರಲು ಬಿಟ್ಟರು. ಮಾಜಿದ್ ಅವರ ಅಣ್ಣ ಹಾಜಿ ಫವ್ವಾಝ್ ಆಗಲೇ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಜಪಮಣಿ ಎಣಿಸುತ್ತ ಕೂತಿದ್ದರು. ಅವರನ್ನು ಯಾರು ಒಳಗೆ ಬಿಟ್ಟರು ಎಂದು ನನಗೆ ತಿಳಿದಿಲ್ಲ. ಇಲ್ಲಿ ಕರ್ತೃ ನಿಜವಾಗಿಯೂ ಗೊತ್ತಿಲ್ಲ.

ಅಧಿಕಾರಿಗಳು ಒಳ್ಳೆಯ ಮಾತಿನಲ್ಲೇ, "ಹೇಳಮ್ಮ, ಅಮ್ಮನಿಗೆ ಹೊಡೆದದ್ದು ಯಾರು?" ಎಂದು ಕೇಳಿದರು. ಜುಮಾನಾ, "ಪೆಟ್ಟು ಬಿತ್ತು" ಎಂದಳು. "ಬಿತ್ತು ಅಂದ್ರೆ? ಆಕಾಶದಿಂದ ಬಿತ್ತಾ?" ಎಂದರು. ಅವಳು ದೊಡ್ಡಪ್ಪನ ಬೂಟುಗಳನ್ನೇ ನೋಡುತ್ತ, "ನನ್ನಿಂದ ಆಯ್ತು" ಎಂದಳು. ಯಾಸೀನ್ ಅವರು, ತಾಯಿಗೆ ಪೆಟ್ಟು ನನ್ನಿಂದ ಆಯಿತು, ಎಂದು ಬರೆದರು. "ಅಂದ್ರೆ ನೀನೇ ತಳ್ಳಿದ್ಯಾ?" ಎಂದು ಕೇಳಿದ್ದಕ್ಕೆ ಅವಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅಷ್ಟರಲ್ಲಿ ಹಾಜಿ ಫವ್ವಾಝ್, "ಮಕ್ಕಳು ಸಾರ್. ಪರೀಕ್ಷೆ ಬಿಸಿ, ತಾಯಿ ಮಗಳ ಜಗಳ, ಒಂದು ಸಲ ತಳ್ಳಿರ್ತಾಳೆ. ಒಪ್ಕೊಂಡ್ಲಲ್ಲ, ಚಿನ್ನದಂಥ ಹುಡುಗಿ. ಸಂಜೆ ಹಿರಿಯರೆಲ್ಲ ಸೇರಿ ಕಾಫಿ ಕುಡಿದು ಮನೇಲೇ ಮುಗಿಸ್ತೀವಿ" ಎಂದರು. ಅವಳ ಮುಂದೆ ಕಾಗದ ಸರಿಸಿದರು. ಅವಳು ಸಹಿ ಹಾಕಿದಳು. ಅವಳ ಅಕ್ಷರ ಮುತ್ತಿನ ಹಾಗೆ ಇತ್ತು, ಆ ಸಹಿ ಯಾರದೋ ಎನ್ನುವ ಹಾಗೆ ಇದೆ.

ಹೊರಗೆ ಬೆಂಚಿನ ಮೇಲೆ ನಾನು ಅವಳನ್ನು, "ನನ್ನಿಂದ ಅಂದ್ರೆ ಏನೇ?" ಎಂದು ಕೇಳಿದೆ. ಅವಳು, "ಪರೀಕ್ಷೆಗೆ ಹೋಗ್ತೀನಿ ಅಂತ ಹಟ ಮಾಡಿದ್ದು ನಾನು. ಅದಕ್ಕೆ ಅಮ್ಮ ಚೀಟಿ ತೆಗೆದ್ಲು. ಚೀಟಿ ತೆಗೆದಿದ್ದಕ್ಕೆ ಆಯ್ತು. ನಾನು ಸುಮ್ಮನೆ ಮನೇಲಿದ್ದಿದ್ರೆ ಏನೂ ಆಗ್ತಿರಲಿಲ್ಲ. ನನ್ನಿಂದ ತಾನೇ ಮಿಸ್?" ಎಂದಳು.

ಆದ್ದರಿಂದ ನಾನು ಹೇಳುವುದು: ಈ ಹುಡುಗಿ 'ನನ್ನಿಂದ' ಎಂದದ್ದು ನನ್ನ ಕಾರಣಕ್ಕಾಗಿ ಎಂಬ ಅರ್ಥದಲ್ಲಿ, ನನ್ನ ಕೈಯಿಂದ ಎಂಬ ಅರ್ಥದಲ್ಲಿ ಅಲ್ಲ. ಆ ಕಾರಣವೂ ಸುಳ್ಳು. ಆ ಸುಳ್ಳನ್ನು ಮನೆಯವರು ಅವಳಿಗೆ ಬಾಯಿಪಾಠ ಮಾಡಿಸಿದ್ದಾರೆ, ನನ್ನ ಪಾಠಗಳು ಅಳಿಸಿ ಹೋಗುವಷ್ಟು ಚೆನ್ನಾಗಿ. ನಾನು ಇದನ್ನು ಬರೆಸಬೇಕೆಂದಾಗ ಅಧಿಕಾರಿಗಳು, ಸಹಿ ಆದದ್ದು ಆಯಿತು, ನಿಮ್ಮದನ್ನೂ ಜೊತೆಗೆ ಇಡುತ್ತೇವೆ ಎಂದರು. ಇಡಿ. ಆದರೆ ನನ್ನದನ್ನು ಮೇಲಿಡಿ. ನನ್ನ ವಾಕ್ಯ ಇದು: ಮಾಜಿದ್ ದೈಫುಲ್ಲಾ ತನ್ನ ಹೆಂಡತಿ ವಫಾಳನ್ನು ಗ್ಯಾಸ್ ಪೈಪಿನಿಂದ ಹೊಡೆದನು. ಹೊಡೆಯಲ್ಪಟ್ಟಳು ಎಂದು ತಿದ್ದಬಾರದು.

ಇದನ್ನು ಬರೆಸುತ್ತಿರುವಾಗಲೇ, ಸಂಜೆ ಐದೂ ಇಪ್ಪತ್ತಕ್ಕೆ, ಹಾಜಿ ಫವ್ವಾಝ್ ಜುಮಾನಾಳನ್ನು ಮನೆಗೆ ಕರೆದುಕೊಂಡು ಹೋದರು. ಅವಳು ಹೋದಳು ಎಂದು ಯಾಸೀನ್ ಅವರು ಬರೆದಿದ್ದರು, ನಾನು ಹೊಡೆದು ಹಾಕಿಸಿದ್ದೇನೆ. ಅವಳ ತೋಳು ಹಿಡಿದಿದ್ದರು. ಆ ಮನೆಯಲ್ಲಿ ಇವತ್ತು ತಾಯಿ ಇಲ್ಲ ಎಂದು ನಾನು ಜೋರಾಗಿ ಕೂಗಿ ಹೇಳಿದೆ. ಪೋಷಕರು ಅವರೇ ಎಂದು ಅಧಿಕಾರಿಗಳು ಹೇಳಿದರು. ಬಾಗಿಲಲ್ಲಿ ಜುಮಾನಾ ತಿರುಗಿ, "ಮಂಗಳವಾರ ಇತಿಹಾಸ ಇದೆ ಅಲ್ವಾ ಮಿಸ್. ನೀವು ಗೇಟಿನ ಹತ್ರ ಕಾಯ್ಬೇಡಿ. ಬಿಸಿಲು" ಎಂದಳು.

ಇನ್ನು ಮುಂದಿನ ವಿಚಾರಣೆಗೆ ನಾನು ಬೇಕಾದರೆ, ನಾಡಿದ್ದು ಮಂಗಳವಾರ ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆಯವರೆಗೆ ಪರೀಕ್ಷಾ ಕೇಂದ್ರದ ಗೇಟಿನ ಬಳಿ ಸಿಗುತ್ತೇನೆ. ಹತ್ತೂವರೆ ದಾಟಿಯೂ ಅವಳು ಬರದಿದ್ದರೆ ನೇರ ಇಲ್ಲಿಗೆ ಬರುತ್ತೇನೆ. ಆಗ, ಅವಳು ಬರಲಿಲ್ಲ ಎಂದು ಬರೆಯಲು ಬಿಡುವುದಿಲ್ಲ. ಯಾರು ಬಿಡಲಿಲ್ಲ ಎಂಬುದನ್ನು ಹೆಸರು ಸಮೇತ ಬರೆಸುತ್ತೇನೆ.

ಮೇಲೆ ಬರೆದುದನ್ನು ಯಾಸೀನ್ ಅವರು ನನಗೆ ಓದಿ ಹೇಳಲಿಲ್ಲ, ನಾನೇ ಓದಿಕೊಂಡೆ, ಎಂಟು ಕಡೆ ತಿದ್ದಿದೆ. ಕಂಡದ್ದನ್ನು ಕಂಡೆ ಎಂದೂ, ಕೇಳಿದ್ದನ್ನು ಕೇಳಿದೆ ಎಂದೂ ಹೇಳಿದ್ದೇನೆ. ಎಲ್ಲವೂ ನಿಜ. ಎಲ್ಲಿ ಕರೆದರೂ ಇದನ್ನೇ ಹೇಳುತ್ತೇನೆ.

ಸ್ಥಳ: ಕರಕ್
ದಿನಾಂಕ: 9 ಜುಲೈ 2023, ಭಾನುವಾರ

(ಸಹಿ)
ಇಂತಿಸಾರ್ ಸಲ್ಮಾನ್ ಖಲೀಫ್